ದೇವರುಗಳು ಬೇಡವೆಂದ ರೆಸಾರ್ಟ್

ಹಿಮಾಚಲ ಪ್ರದೇಶದ ನಗ್ಗರ್ ಕೋಟೆ ಒಂದು ಕಾಲಕ್ಕೆ ಕುಲ್ಲು ಅರಸರ ನೆಲೆ. ಈಗ ಅಲ್ಲಿ ಸರ್ಕಾರಿ ಪ್ರವಾಸೋದ್ಯಮ ನಿಗಮದ ಹೋಟೆಲ್ ನಡೆಯುತ್ತದೆ. ಅದರ ಅಂಗಳದಲ್ಲಿ ಒಂದು ಪುಟ್ಟ ಗುಡಿ, ಗುಡಿಯೊಳಗೆ ಪೂಜೆಗೊಳ್ಳುವ ಒಂದು ಕಲ್ಲುಚಪ್ಪಡಿ. ಕಣಿವೆಯ ದೇವರುಗಳು ಜೇನುಹುಳುಗಳ ರೂಪ ತಾಳಿ ಈ ಚಪ್ಪಡಿಯನ್ನು ಬೆಟ್ಟದಿಂದ ಹೊತ್ತು ತಂದರೆಂಬ ಐತಿಹ್ಯವಿದೆ. ಜಗತಿ ಪಟ್ ಎಂದು ಇದರ ಹೆಸರು. ಕಣಿವೆಗೆ ದೊಡ್ಡ ಗಂಡಾಂತರ ಬಂದಾಗ ಊರೂರಿನ ದೇವರುಗಳು ಇಲ್ಲಿ ಸಭೆ ಸೇರುತ್ತವೆ; ಆ ಸಭೆಯೇ ಜಗತಿ. ದೇವರ ಪರವಾಗಿ ಬರುವವರು ಗೂರ್‌ಗಳು. ಮೈಮೇಲೆ ದೇವರು ಬಂದಾಗ ನುಡಿ ಕೊಡುವ ಇವರು ತುಳುನಾಡಿನ ಪಾತ್ರಿಗಳನ್ನು ಬಲ್ಲ ಓದುಗರಿಗೆ ಅಪರಿಚಿತರೆನಿಸಲಾರರು.

2006ರ ಫೆಬ್ರುವರಿಯಲ್ಲಿ ಇಲ್ಲಿ ಅಂಥದೊಂದು ಜಗತಿ ಸೇರಿತು. ಕಣಿವೆಯ ಉದ್ದಗಲದಿಂದ ನೂರಕ್ಕೂ ಹೆಚ್ಚು ದೇವರುಗಳ ಪ್ರತಿನಿಧಿಗಳು ಬಂದಿದ್ದರು. ಸಭೆ ಕರೆದವರು ಕುಲ್ಲು ರಾಜಮನೆತನದ ಮಹೇಶ್ವರ ಸಿಂಗ್. ರಘುನಾಥ ದೇವರ ಮುಖ್ಯ ಸೇವಕರು, ಮಾಜಿ ಸಂಸದರು. ಎದುರಿಗಿದ್ದ ಪ್ರಶ್ನೆ ಬರವೂ ಅಲ್ಲ, ರೋಗವೂ ಅಲ್ಲ. ಮನಾಲಿಯ ಮೇಲ್ಭಾಗದ ಇಳಿಜಾರುಗಳಲ್ಲಿ ತಲೆಯೆತ್ತಲಿದ್ದ ಒಂದು ಸ್ಕೀ ರೆಸಾರ್ಟ್.

ಹೆನ್ರಿ ಫೋರ್ಡ್ ಅವರ ಮರಿಮಗ, ಇಸ್ಕಾನ್ ಭಕ್ತ ಆಲ್ಫ್ರೆಡ್ ಫೋರ್ಡ್ ಬೆನ್ನಿಗಿದ್ದ ಯೋಜನೆಯದು. ‘ಹಿಮಾಲಯನ್ ಸ್ಕೀ ವಿಲೇಜ್’ ಎಂದು ಹೆಸರು, ಸುಮಾರು 1,500 ಕೋಟಿ ರೂಪಾಯಿಗಳ ಅಂದಾಜು. ಐಷಾರಾಮಿ ಹೋಟೆಲುಗಳು, ವಿಲ್ಲಾಗಳು, ಅಂಗಡಿ ಸಾಲು, ಬೆಟ್ಟದ ನೆತ್ತಿಗೆ ಒಯ್ಯುವ ರೋಪ್‌ವೇಗಳು ನೀಲನಕ್ಷೆಯಲ್ಲಿದ್ದವು. 2005ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿಯಾಗಿತ್ತು. ಎರಡೇ ತಿಂಗಳಲ್ಲಿ ದೇವರುಗಳು ಒಕ್ಕೊರಲಿನಿಂದ ಬೇಡವೆಂದವು. ಬೆಟ್ಟ ತಮ್ಮ ನೆಲೆ, ಅದನ್ನು ಕೆಡಿಸಲು ಬಿಡುವುದಿಲ್ಲ ಎಂಬುದು ಗೂರ್‌ಗಳ ಬಾಯಿಂದ ಬಂದ ತೀರ್ಪು. ಮುಂದೆ ವಿಷಯ ಹೈಕೋರ್ಟ್ ಮೆಟ್ಟಿಲೇರಿತು, ಪರಿಶೀಲನಾ ಸಮಿತಿ ಬಂತು, ಸರ್ಕಾರಗಳು ಬದಲಾದವು. ಯೋಜನೆ ಕಡೆಗೂ ನೆಲ ಮುಟ್ಟಲಿಲ್ಲ.

ದೇಶವಿದೇಶಗಳ ಪತ್ರಿಕೆಗಳಿಗೆ ಇದು ರಸವತ್ತಾದ ಸುದ್ದಿಯಾಯಿತು. ಒಂದು ಕಡೆ ಅಮೆರಿಕದ ಕುಬೇರ, ಇನ್ನೊಂದು ಕಡೆ ಹಳ್ಳಿಯ ದೇವರು. ಅಭಿವೃದ್ಧಿಯನ್ನು ಮೂಢನಂಬಿಕೆ ತಡೆಯಿತೆಂದು ಕೆಲವರು ಮರುಗಿದರು; ನಂಬಿಕೆ ಬಂಡವಾಳವನ್ನು ಮಣಿಸಿತೆಂದು ಕೆಲವರು ಹಿಗ್ಗಿದರು. ಎರಡು ಓದೂ ಮೇಲುಮೇಲಿನವು. ಗೂರ್ ಎಂಬಾತ ಬೇಸಾಯ ಮಾಡಿಕೊಂಡು, ಕುರಿ ಸಾಕಿಕೊಂಡು ಊರಿನಲ್ಲೇ ಬದುಕುವವನು. ಯಾವ ತೊರೆ ಬೇಸಿಗೆಯಲ್ಲಿ ಬತ್ತುತ್ತದೆ, ಯಾವ ಓರೆಯಲ್ಲಿ ಹಿಮ ಕುಸಿಯುತ್ತದೆ, ಯಾವ ಹುಲ್ಲುಗಾವಲಿಗೆ ಯಾರ ಕುರಿಮಂದೆ ಬರುತ್ತದೆ ಎಂಬುದೆಲ್ಲ ಅವನಿಗೆ ಗೊತ್ತು. ದೇವರ ಹೆಸರಿನಲ್ಲಿ ಹೊರಬಂದ ಮಾತಿನ ಒಡಲಲ್ಲಿ ನೀರು, ಕಾಡು, ಗೋಮಾಳಗಳ ಆತಂಕವಿತ್ತು. ಹೊರಗೆ ಯೋಜನೆಯನ್ನು ವಿರೋಧಿಸುತ್ತಿದ್ದ ಕಾರ್ಯಕರ್ತರು ಅರ್ಜಿಗಳಲ್ಲಿ ಬರೆಯುತ್ತಿದ್ದುದೂ ಇದನ್ನೇ.

ಇನ್ನೂ ಒಂದು ಸಂಗತಿಯಿದೆ. ಸಹಿ ಹಾಕುವ ಮುನ್ನ ಕಣಿವೆಯ ಜನರನ್ನು ಕೂರಿಸಿ ಕೇಳಬೇಕೆಂದು ಯಾರಿಗೂ ಅನಿಸಿರಲಿಲ್ಲ. ಜನರ ಮಾತಿಗೆ ಬೆಲೆ ಕೊಡುವ ಅರಣ್ಯ ಹಕ್ಕು ಕಾಯ್ದೆ ಸಂಸತ್ತಿನಲ್ಲಿ ಪಾಸಾದದ್ದು ಅದೇ 2006ರ ಡಿಸೆಂಬರಿನಲ್ಲಿ. ಪರಿಸರ ಪರಿಣಾಮ ಅಧ್ಯಯನದ ಈಗಿನ ಅಧಿಸೂಚನೆ ಬಂದದ್ದೂ ಆ ವರ್ಷದ ಸೆಪ್ಟೆಂಬರಿನಲ್ಲಿ. ಫೆಬ್ರುವರಿಯಲ್ಲಿ ಜನರ ಕೈಗೆ ಸಿಕ್ಕಿದ್ದು, ಅವರಿಗೆ ತಲೆತಲಾಂತರದಿಂದ ಗೊತ್ತಿದ್ದ ಸಭೆ. ಅವರು ಅದನ್ನೇ ಬಳಸಿದರು. ಆ ಸಭೆಯ ಭಾಷೆ ದೇವರದು. ಕೆಲಸ ಮಾತ್ರ ಸರ್ಕಾರ ಮಾಡದೇ ಬಿಟ್ಟಿದ್ದ ಸಾರ್ವಜನಿಕ ವಿಚಾರಣೆಯದು.

ವಿಚಾರಣೆ ನಡೆದಿದ್ದರೆ ಮೊದಲು ಏಳಬೇಕಿದ್ದ ಪ್ರಶ್ನೆ ಹಿಮದ್ದು. ಸ್ಕೀ ರೆಸಾರ್ಟಿಗೆ ವರ್ಷದಲ್ಲಿ ಕನಿಷ್ಠ ಮೂರು ತಿಂಗಳು ಭರವಸೆಯ ಹಿಮ ಬೇಕು. ಹಿಮಾಚಲದ ಚಳಿಗಾಲದ ಹಿಮ ಪಶ್ಚಿಮದಿಂದ ಬೀಸಿಬರುವ ಹವಾಮಾನದ ಅಲೆಗಳನ್ನು ನಂಬಿಕೊಂಡಿದೆ. ಆ ಅಲೆಗಳು ಕೈಕೊಟ್ಟರೆ ಬೆಟ್ಟ ಬೋಳು. 2024ರ ಜನವರಿಯಲ್ಲಿ ಆದದ್ದು ಇದೇ: ಕಾಶ್ಮೀರದ ಗುಲ್ಮಾರ್ಗ್‌ನ ಪ್ರಸಿದ್ಧ ಇಳಿಜಾರುಗಳಲ್ಲಿ ತಿಂಗಳ ಬಹುಭಾಗ ಕಂದು ಹುಲ್ಲು ಕಾಣುತ್ತಿತ್ತು, ಹಿಮಾಚಲದ ಬಹುತೇಕ ಕಡೆ ಮಳೆಯೂ ಇಲ್ಲ, ಹಿಮವೂ ಇಲ್ಲ. ಮರುವರ್ಷ ಗುಲ್ಮಾರ್ಗ್‌ನಲ್ಲಿ ಫೆಬ್ರುವರಿಗೆ ನಿಗದಿಯಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮಾರ್ಚಿಗೆ ಮುಂದೂಡಬೇಕಾಯಿತು. ಗುಲ್ಮಾರ್ಗ್ ಮನಾಲಿಗಿಂತ ಸುಮಾರು 600 ಮೀಟರ್ ಎತ್ತರದ ಊರು ಎಂಬುದನ್ನು ಇಲ್ಲಿ ಮರೆಯಬಾರದು.

ಸ್ಕೀಯಿಂಗ್‌ಗೆ ತವರಾದ ಯುರೋಪಿನಲ್ಲೂ ಸ್ಥಿತಿ ಬೇರೆಯಲ್ಲ. ಅಲ್ಲಿನ 28 ದೇಶಗಳ 2,234 ಸ್ಕೀ ತಾಣಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಭೂಮಿಯ ತಾಪ ಕೈಗಾರಿಕೆಗಳ ಯುಗಕ್ಕೆ ಮೊದಲಿದ್ದುದಕ್ಕಿಂತ 2 ಡಿಗ್ರಿ ಏರಿದರೆ, ಕೃತಕ ಹಿಮವಿಲ್ಲದೆ ಅವುಗಳಲ್ಲಿ ಶೇ 53ರಷ್ಟು ತಾಣಗಳು ಹಿಮದ ಕೊರತೆಯ ಅತಿ ದೊಡ್ಡ ಅಪಾಯಕ್ಕೆ ಸಿಲುಕುತ್ತವೆ ಎಂಬುದು ಅದರ ಲೆಕ್ಕ. ನೂರು ವರ್ಷದ ಅನುಭವ, ಸಮೃದ್ಧ ಬಂಡವಾಳ, ವಿಮೆ, ಸುಸಜ್ಜಿತ ರಸ್ತೆಗಳಿರುವ ಆಲ್ಪ್ಸ್ ಊರುಗಳ ಪಾಡು ಇದಾದರೆ, ಮನಾಲಿಯಲ್ಲಿ ಹೊಸದಾಗಿ ಸಾವಿರಾರು ಕೋಟಿ ಹೂಡುವ ಲೆಕ್ಕಾಚಾರ ಯಾವ ನಂಬಿಕೆಯ ಮೇಲೆ ನಿಂತಿದೆ? ಇದು ಗೂರ್‌ನ ನಂಬಿಕೆಗಿಂತ ಗಟ್ಟಿಯೆಂದು ಹೇಳಲು ಆಧಾರ ಬೇಕು.

ಹಿಮ ಬೀಳದಿದ್ದರೆ ಮಾಡಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಬಹುತೇಕ ಪೂರ್ತಿಯಾಗಿ ಕೃತಕ ಹಿಮದ ಮೇಲೆಯೇ ನಡೆಯಿತು. ಆದರೆ ಹಿಮದ ಯಂತ್ರಕ್ಕೆ ಕೊರೆಯುವ ಚಳಿ ಬೇಕು, ವಿದ್ಯುತ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೀರು ಬೇಕು. ಒಂದು ಹೆಕ್ಟೇರ್ ಇಳಿಜಾರಿಗೆ ಮೊದಲ ಪದರ ಹಾಸಲು ಸುಮಾರು 10 ಲಕ್ಷ ಲೀಟರ್ ಹಿಡಿಯುತ್ತದೆ. 2011ರ ಜನಗಣತಿಯಲ್ಲಿ ಮನಾಲಿ ಪಟ್ಟಣದ ಜನಸಂಖ್ಯೆ 8,096. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಲ್ಲಿ ಗುಣಿಸಿದರೆ ಇಡೀ ಪಟ್ಟಣದ ನಿವಾಸಿಗಳ ಒಂದು ದಿನದ ನೀರು ಸುಮಾರು 11 ಲಕ್ಷ ಲೀಟರ್. ಅಂದರೆ ಒಂದು ಹೆಕ್ಟೇರ್ ಹಿಮಕ್ಕೆ ಊರಿನ ಒಂದು ದಿನದ ನೀರು. ಐವತ್ತು ಹೆಕ್ಟೇರಿಗೆ ಒಂದೂವರೆ ತಿಂಗಳಿನದು; ಅದೂ ಒಮ್ಮೆ ಹಾಸಲಿಕ್ಕೆ ಮಾತ್ರ. ಬಿಸಿಲಿಗೆ ಕರಗಿದರೆ ಮತ್ತೆ ಹಾಸಬೇಕು.

ಈ ನೀರು ಬೇಕಾಗುವುದು ತೊರೆಗಳಲ್ಲಿ ಹರಿವು ತೀರಾ ಕಡಿಮೆಯಿರುವ ಚಳಿಗಾಲದಲ್ಲಿ. ಅದೇ ಹೊತ್ತಿಗೆ ಹೋಟೆಲಿನ ಸ್ನಾನಗೃಹಗಳಿಗೂ ನೀರು ಬೇಕು. ಬೆಂಗಳೂರಿನಿಂದ, ದೆಹಲಿಯಿಂದ ಪ್ಯಾಕೇಜ್ ಪ್ರವಾಸದಲ್ಲಿ ಬಂದವರು ದುಡ್ಡು ಕೊಟ್ಟ ಮೇಲೆ ಬಕೆಟ್ ಲೆಕ್ಕ ಹಾಕುವುದಿಲ್ಲ. ಮೇಲಿನ ಇಳಿಜಾರಿನಲ್ಲಿ ತಿರುಗಿಸಿದ ತೊರೆ ಕೆಳಗಿನ ಸೇಬಿನ ತೋಟಕ್ಕೂ ಹಳ್ಳಿಯ ನಲ್ಲಿಗೂ ಬರಬೇಕಾದ ನೀರೇ ಆಗಿರುತ್ತದೆ.

ರೆಸಾರ್ಟ್ ಬಂದ ಮೇಲೆ ಸಣ್ಣ ಊರಿಗೆ ಏನಾಗುತ್ತದೆಂದು ನೋಡಲು ಸ್ವಿಟ್ಜರ್ಲೆಂಡಿಗೆ ಹೋಗಬೇಕಾಗಿಲ್ಲ. ಉತ್ತರಾಖಂಡದ ಔಲಿ ಸಾಕು. ಜೋಶಿಮಠ ಪಟ್ಟಣದ ನೆತ್ತಿಯ ಮೇಲಿರುವ ಔಲಿಯಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆಯಿತು. ಅದಕ್ಕೆಂದು ಹಿಮದ ಯಂತ್ರಗಳು ಬಂದವು, ಅವುಗಳಿಗೆ ನೀರು ಒದಗಿಸಲು ಕೃತಕ ಕೊಳ ಬಂತು. ಕ್ರಮೇಣ ಔಲಿ ಸ್ಕೀಯಿಂಗ್‌ಗಿಂತ ಹೆಚ್ಚಾಗಿ ಹೋಟೆಲುಗಳ ಹೆಸರಾಯಿತು. 2019ರ ಜೂನ್‌ನಲ್ಲಿ, ಹಿಮದ ಸುಳಿವೂ ಇಲ್ಲದ ಕಾಲದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ವ್ಯವಹಾರ ಕಟ್ಟಿದ ಗುಪ್ತಾ ಕುಟುಂಬ ಇಬ್ಬರು ಮಕ್ಕಳ ಮದುವೆಯನ್ನು ಅಲ್ಲಿ ಅದ್ದೂರಿಯಾಗಿ ಮಾಡಿತು. ಪರಿಸರಕ್ಕಾಗುವ ಹಾನಿಗೆ ಮುಂಗಡವಾಗಿ 3 ಕೋಟಿ ರೂಪಾಯಿ ಠೇವಣಿ ಇಡಲು ಹೈಕೋರ್ಟ್ ಹೇಳಬೇಕಾಯಿತು. ಹುಲ್ಲುಗಾವಲಿನಿಂದ ನೂರಾರು ಕ್ವಿಂಟಲ್ ಕಸ ಎತ್ತಿದವರು ಜೋಶಿಮಠ ಪುರಸಭೆಯ ಕಾರ್ಮಿಕರು.

ಆ ಜೋಶಿಮಠವೇ 2023ರ ಜನವರಿಯಲ್ಲಿ ಬಿರುಕು ಬಿಟ್ಟಿತು. ಮನೆಗಳ ಗೋಡೆ ಸೀಳಿತು, ನೆಲ ಬಾಯ್ದೆರೆಯಿತು, ಎಂಟುನೂರಕ್ಕೂ ಹೆಚ್ಚು ಕಟ್ಟಡಗಳು ಜಖಂಗೊಂಡವು. ಉಪಗ್ರಹ ಚಿತ್ರಗಳ ಪ್ರಕಾರ ಹನ್ನೆರಡು ದಿನಗಳಲ್ಲಿ ನೆಲ 5.4 ಸೆಂಟಿಮೀಟರ್ ಕುಸಿದಿತ್ತು. ಒಂದರ ಕಡೆಗೊಂದು ವಾಲಿ ನಿಂತ ಎರಡು ಬಹುಮಹಡಿ ಹೋಟೆಲುಗಳನ್ನು ಆಡಳಿತವೇ ಕೆಡವಿಸಿತು. ಔಲಿಗೆ ಹೋಗುವ ಸುಮಾರು 4 ಕಿಲೋಮೀಟರ್ ಉದ್ದದ ರೋಪ್‌ವೇ ನಿಂತುಹೋಯಿತು. ಇಷ್ಟಕ್ಕೂ ಔಲಿಯ ಸ್ಕೀ ಇಳಿಜಾರೇ ಕಾರಣವೆಂದರೆ ಅದು ಅನ್ಯಾಯದ ಮಾತು. ಊರಿನವರು ಬೆರಳು ತೋರಿಸುವುದು ಜಲವಿದ್ಯುತ್ ಯೋಜನೆಯ ಸುರಂಗದ ಕಡೆಗೆ. ತಜ್ಞರು ಚರಂಡಿಯಿಲ್ಲದ ಊರು, ಇಂಗುವ ಕೊಳಚೆ ನೀರು, ಕಟ್ಟಡಗಳ ಭಾರ ಎಲ್ಲವನ್ನೂ ಸೇರಿಸುತ್ತಾರೆ. ಆದರೆ ಜೋಶಿಮಠ ಹಳೆಯ ಭೂಕುಸಿತದ ಮಣ್ಣುಕಲ್ಲುಗಳ ರಾಶಿಯ ಮೇಲೆ ಕೂತಿದೆ, ಇಲ್ಲಿ ಭಾರೀ ನಿರ್ಮಾಣ ಸಲ್ಲದು ಎಂದು ಮಿಶ್ರಾ ಸಮಿತಿ 1976ರಲ್ಲೇ ಬರೆದುಕೊಟ್ಟಿತ್ತು. ಎಚ್ಚರಿಕೆ ಕಡತದಲ್ಲಿತ್ತು, ಕಟ್ಟಡಗಳು ನೆಲದ ಮೇಲೆ ಏಳುತ್ತಲೇ ಹೋದವು. ಸ್ಕೀ ರೆಸಾರ್ಟಿನ ನಿಜವಾದ ಹೊರೆಯೂ ಇಲ್ಲೇ ಇರುವುದು. ಅದು ಜನರನ್ನು ಸೆಳೆಯುತ್ತದೆ. ಸೆಳೆತಕ್ಕೆ ತಕ್ಕಂತೆ ಕೆಳಗಿನ ಪಟ್ಟಣ ಮಹಡಿಯ ಮೇಲೆ ಮಹಡಿ ಏರಿಸುತ್ತದೆ. ರೆಸಾರ್ಟಿನ ಪರಿಸರ ವರದಿಯಲ್ಲಿ ಈ ಮಹಡಿಗಳ ಲೆಕ್ಕ ಬರುವುದಿಲ್ಲ.

ಮನಾಲಿಗೆ ಇಂಥ ಸೆಳೆತ ಈಗಾಗಲೇ ಮಿತಿಮೀರಿದೆ. ರೋಹ್ತಾಂಗ್ ಕಣಿವೆದಾರಿಗೆ ದಿನಕ್ಕೆ 1,200 ಪ್ರವಾಸಿ ವಾಹನಗಳ ಮಿತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹಾಕಬೇಕಾಗಿ ಬಂತು. 2020ರ ಅಕ್ಟೋಬರಿನಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ದಟ್ಟಣೆ ಅದರಾಚೆಯ ಲಾಹೌಲ್‌ಗೂ ಹಬ್ಬಿತು. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ, ದಂಡೆಯ ಹೋಟೆಲುಗಳನ್ನೂ ಹೆದ್ದಾರಿಯ ತುಂಡುಗಳನ್ನೂ ಕೊಚ್ಚಿಕೊಂಡು ಹೋಯಿತು. ಸಾವಿರಾರು ಪ್ರವಾಸಿಗರು ಸಿಕ್ಕಿಬಿದ್ದರು. 2025ರ ಜುಲೈನಲ್ಲಿ ಶಿಮ್ಲಾ ಬಳಿಯ ತಾರಾದೇವಿ ಬೆಟ್ಟವನ್ನು ಹಸಿರು ವಲಯವೆಂದು ಘೋಷಿಸಿದ್ದರ ವಿರುದ್ಧ ಹೋಟೆಲ್ ಕಂಪನಿಯೊಂದು ಸುಪ್ರೀಂ ಕೋರ್ಟಿಗೆ ಹೋದಾಗ, ಹೀಗೇ ನಡೆದರೆ ಇಡೀ ಹಿಮಾಚಲ ಭೂಪಟದಿಂದಲೇ ಮಾಯವಾದೀತು ಎಂದು ನ್ಯಾಯಪೀಠ ಕಳವಳಪಟ್ಟಿತು. ಆದಾಯವೊಂದೇ ಎಲ್ಲವೂ ಅಲ್ಲವೆಂದೂ ಹೇಳಿತು.

ಉದ್ಯೋಗದ ಮಾತನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಫೋರ್ಡ್ ಯೋಜನೆ ಸಾವಿರಾರು ಕೆಲಸಗಳ ಭರವಸೆ ಕೊಟ್ಟಿತ್ತು. ಚಳಿಗಾಲದಲ್ಲಿ ಕೈಗೆ ಕೆಲಸವಿಲ್ಲದ ಕಣಿವೆಯ ಯುವಕರಿಗೆ ಅದು ಸಣ್ಣ ಆಸೆಯೇನೂ ಆಗಿರಲಿಲ್ಲ. ಊರಿನಲ್ಲಿ ಯೋಜನೆಯ ಪರ ಇದ್ದವರೂ ಇದ್ದರು, ಅವರು ಊರಿನ ದ್ರೋಹಿಗಳಾಗಿರಲಿಲ್ಲ. ಕೇಳಬೇಕಾದದ್ದು, ಎಂಥ ಕೆಲಸ, ಯಾರ ಕೈಕೆಳಗೆ ಎಂದು. ಹಿಮಾಚಲದ 1972ರ ಭೂ ಸುಧಾರಣಾ ಕಾಯ್ದೆಯ 118ನೇ ಕಲಮು ಆ ರಾಜ್ಯದ ಕೃಷಿಕರಲ್ಲದವರು ಸರ್ಕಾರದ ಅನುಮತಿಯಿಲ್ಲದೆ ಅಲ್ಲಿ ಜಮೀನು ಕೊಳ್ಳದಂತೆ ತಡೆದಿದೆ. ಈ ಒಂದು ಕಲಮಿನಿಂದಾಗಿ ಕಣಿವೆಯ ಸಣ್ಣ ಹಿಡುವಳಿದಾರ ಇಂದಿಗೂ ತನ್ನ ಸೇಬಿನ ತೋಟದ ಒಡೆಯ. ತೋಟದ ಅಂಚಿನಲ್ಲಿ ನಾಲ್ಕು ಕೋಣೆ ಕಟ್ಟಿ ಹೋಮ್‌ಸ್ಟೇ ನಡೆಸಿದರೆ ಅದರ ದುಡ್ಡು ಅವನ ಮನೆಗೇ ಸೇರುತ್ತದೆ. ದೊಡ್ಡ ರೆಸಾರ್ಟಿಗೆ ಸರ್ಕಾರ ವಿಶೇಷ ಅನುಮತಿ ಕೊಟ್ಟಾಗ ಅವನ ಮಗ ಅಲ್ಲಿ ಸಂಬಳದ ಆಳಾಗಬಹುದು, ಅದೂ ಹಿಮ ಇರುವಷ್ಟು ದಿನ.

ಮನಾಲಿಗೆ ಸ್ಕೀಯಿಂಗ್ ಹೊಸತಲ್ಲ ಎಂಬುದನ್ನೂ ಹೇಳಬೇಕು. 1961ರಲ್ಲಿ ಶುರುವಾದ ಅಲ್ಲಿನ ಪರ್ವತಾರೋಹಣ ಸಂಸ್ಥೆ ಸೋಲಂಗ್‌ನ ಇಳಿಜಾರಿನಲ್ಲಿ ಕಡಿಮೆ ಶುಲ್ಕಕ್ಕೆ ಸ್ಕೀಯಿಂಗ್ ಕಲಿಸುತ್ತ ಬಂದಿದೆ. ಪಕ್ಕದ ಬುರುವಾ ಹಳ್ಳಿಯ ಆಂಚಲ್ ಠಾಕೂರ್ 2018ರ ಜನವರಿಯಲ್ಲಿ ಟರ್ಕಿಯ ಎರ್ಜುರುಮ್‌ನಲ್ಲಿ ಕಂಚು ಗೆದ್ದು, ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಮೊದಲ ಅಂತರರಾಷ್ಟ್ರೀಯ ಪದಕ ತಂದಳು. ಆರು ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಲೂಜ್ ಸ್ಪರ್ಧೆಗೆ ಇಳಿದ ಶಿವ ಕೇಶವನ್ ಮನಾಲಿ ಹತ್ತಿರದ ವಶಿಷ್ಠ ಗ್ರಾಮದಲ್ಲಿ ಬೆಳೆದವರು. ಇವರನ್ನು ರೂಪಿಸಿದ್ದು ಸಾವಿರಾರು ಕೋಟಿಯ ರೆಸಾರ್ಟಲ್ಲ. ಆಂಚಲ್‌ಳಂಥವರಿಗೆ ಬೇಕಿರುವುದು ಒಳ್ಳೆಯ ಸಲಕರಣೆ, ತರಬೇತುದಾರರು, ವಿದೇಶದ ಸ್ಪರ್ಧೆಗಳಿಗೆ ಹೋಗಿಬರುವ ಖರ್ಚು. ಯೋಜನೆಯ ಬೆಲೆಯಲ್ಲಿ ಒಂದು ಸಣ್ಣ ಪಾಲು ಇದಕ್ಕೆ ಧಾರಾಳವಾಗಿ ಸಾಕು.

ಕೆನಡಾದಲ್ಲಿ ಇದೇ ಬಗೆಯ ಜಗಳ ಮೂವತ್ತು ವರ್ಷ ನಡೆಯಿತು. ಬ್ರಿಟಿಷ್ ಕೊಲಂಬಿಯಾದ ಇನ್ವರ್‌ಮಿಯರ್ ಎಂಬ ಸಣ್ಣ ಪಟ್ಟಣದ ಪಶ್ಚಿಮಕ್ಕಿರುವ ಜಂಬೋ ಕಣಿವೆಯಲ್ಲಿ ವರ್ಷವಿಡೀ ನಡೆಯುವ ಸ್ಕೀ ರೆಸಾರ್ಟಿನ ಪ್ರಸ್ತಾವ 1991ರಲ್ಲಿ ಬಂತು. ಆ ಕಣಿವೆ ಕ್ಟುನಾಹಾ ಎಂಬ ಮೂಲನಿವಾಸಿಗಳಿಗೆ ಕರಡಿ ದೈವದ ನೆಲೆ. 2012ರಲ್ಲಿ ಪ್ರಾಂತೀಯ ಸರ್ಕಾರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಬ್ಬ ನಿವಾಸಿಯೂ ಇಲ್ಲದ ಕಣಿವೆಯನ್ನು ಪುರಸಭೆಯೆಂದು ಸಾರಿ, ಮೇಯರ್‌ನನ್ನೂ ನೇಮಿಸಿತು. ಕ್ಟುನಾಹಾ ಜನ ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋದರು, 2017ರ ನವೆಂಬರಿನಲ್ಲಿ ಸೋತರು. ನಂಬುವ, ಆಚರಿಸುವ ಹಕ್ಕನ್ನು ಸಂವಿಧಾನ ಕಾಯುತ್ತದೆ, ನಂಬಿಕೆಯ ವಿಷಯವಾದ ದೈವವನ್ನಲ್ಲ ಎಂದಿತು ಕೋರ್ಟು. ಆ ಹೊತ್ತಿಗೆ, ಗಡುವಿನೊಳಗೆ ಗಣನೀಯ ಕೆಲಸ ಆಗಿಲ್ಲವೆಂಬ ಕಾರಣಕ್ಕೆ ಯೋಜನೆಯ ಪರಿಸರ ಅನುಮತಿ 2015ರಲ್ಲೇ ರದ್ದಾಗಿತ್ತು. 2020ರ ಜನವರಿಯಲ್ಲಿ ಕಣಿವೆಯನ್ನು ಶಾಶ್ವತವಾಗಿ ಸಂರಕ್ಷಿಸುವ ಘೋಷಣೆ ಬಂತು, ಕ್ಟುನಾಹಾ ಜನರ ಮುಂದಾಳತ್ವದಲ್ಲೇ.

ಈ ವಿಷಯದಲ್ಲಿ ಭಾರತದ ಸುಪ್ರೀಂ ಕೋರ್ಟ್ ನಾಲ್ಕು ವರ್ಷ ಮೊದಲೇ ಮುಂದೆ ಹೋಗಿತ್ತು. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಗಾರಿಕೆ ಡೋಂಗ್ರಿಯಾ ಕೊಂಧರ ನಿಯಮರಾಜನ ಬೆಟ್ಟಕ್ಕೆ ಧಕ್ಕೆ ತರುತ್ತದೆಯೇ ಎಂಬ ಪ್ರಶ್ನೆಯನ್ನು 2013ರ ಏಪ್ರಿಲಿನಲ್ಲಿ ಅದು ಗ್ರಾಮಸಭೆಗಳ ಮುಂದಿಟ್ಟಿತು. ಹನ್ನೆರಡು ಹಳ್ಳಿಗಳು ಸಭೆ ಸೇರಿದವು, ಹನ್ನೆರಡೂ ಬೇಡವೆಂದವು. ಹಿಮಾಚಲದ ಕಿನ್ನೌರ್‌ನ ಲಿಪ್ಪಾ ಗ್ರಾಮಕ್ಕೂ ಇದೇ ದಾರಿ ತೆರೆಯಿತು; ಕಾಶಂಗ್ ಜಲವಿದ್ಯುತ್ ಯೋಜನೆಯನ್ನು ಗ್ರಾಮಸಭೆಯ ಮುಂದಿಡಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿತು.

ನಗ್ಗರ್‌ನ ಜಗತಿಯನ್ನು ಮೆಚ್ಚುವಾಗಲೂ ಅದರ ಮಿತಿಯನ್ನು ಮುಚ್ಚಿಡಬಾರದು. ಕುಲ್ಲು ಕಣಿವೆಯ ಎಷ್ಟೋ ಗುಡಿಗಳಲ್ಲಿ ದಲಿತರಿಗೆ ಇಂದಿಗೂ ಒಳಗೆ ಜಾಗವಿಲ್ಲ. ದೇವರ ಮುಂದೆ ಡೋಲು, ಕಹಳೆ ನುಡಿಸುತ್ತ ನಡೆಯುವವರು ಹೆಚ್ಚಾಗಿ ಅವರೇ. ದೇವರ ಸಭೆಯಲ್ಲಿ ಹೆಂಗಸರ ದನಿಯೂ ಕೇಳುವುದಿಲ್ಲ. ಕರೆಯುವ ಅಧಿಕಾರ ಇರುವುದು ಹಳೆಯ ಅರಸು ಮನೆಗೆ. ಅಂದು ಆ ಸಭೆ ಸರಿಯಾದ ಮಾತನ್ನೇ ಆಡಿತು. ನಾಳೆ ತಪ್ಪು ಮಾತಾಡಿದರೆ ಅದನ್ನು ಪ್ರಶ್ನಿಸುವ ದಾರಿ ಬಡವನಿಗೆ ಇರಬೇಕು. ಗ್ರಾಮಸಭೆಯಲ್ಲಿ ಆ ದಾರಿ, ಕಾಗದದ ಮೇಲಾದರೂ, ಇದೆ. ಅಲ್ಲಿ ತೋಟದೊಡೆಯನಿಗೂ ಡೋಲು ಬಾರಿಸುವವನಿಗೂ ಹುಲ್ಲು ಹೊತ್ತು ತರುವ ಹೆಂಗಸಿಗೂ ಒಂದೊಂದೇ ಮತ. ಅದಕ್ಕೇ ಸರ್ಕಾರಗಳಿಗೆ ಅದು ಕಿರಿಕಿರಿ. 2022ರ ಅರಣ್ಯ ಸಂರಕ್ಷಣಾ ನಿಯಮಗಳು ಅರಣ್ಯ ಹಕ್ಕುಗಳ ಇತ್ಯರ್ಥಕ್ಕೆ ಕಾಯದೆಯೇ ಕೇಂದ್ರ ಸರ್ಕಾರ ಅರಣ್ಯಭೂಮಿ ಬಿಟ್ಟುಕೊಡಲು ಒಪ್ಪಿಗೆ ನೀಡಬಹುದೆಂದು ಮಾಡಿದವು. ಹಳ್ಳಿಯವರ ಮಾತು ಕೇಳುವ ಹೊತ್ತಿಗೆ ತೀರ್ಮಾನ ಮುಗಿದಿರುತ್ತದೆ.

ಕುಲ್ಲುವಿನಲ್ಲಿ ಈ ಪ್ರಶ್ನೆ ಹಳೆಯದಾಗಿಲ್ಲ. ಬಿಜಲಿ ಮಹಾದೇವ ಬೆಟ್ಟಕ್ಕೆ ಸುಮಾರು 270 ಕೋಟಿ ರೂಪಾಯಿಯ ರೋಪ್‌ವೇಗೆ 2024ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾಯಿತು. ದೇವರಿಗೆ ಒಪ್ಪಿಗೆಯಿಲ್ಲ ಎಂದು ಸುತ್ತಲಿನ ಹಳ್ಳಿಗಳ ಜನ ಬೀದಿಗಿಳಿದರು. ಕಡಿದ ಮರಗಳ ಲೆಕ್ಕ ಕೇಳಿದರು. ಮತ್ತೆ ಅದೇ ಕ್ರಮ: ಮೊದಲು ಶಿಲಾನ್ಯಾಸ, ಆಮೇಲೆ ಜನ.

ಹಿಮಾಚಲ ಸರ್ಕಾರ ಈ ಕ್ರಮವನ್ನು ತಿರುಗಿಸಬೇಕು. ಬೆಟ್ಟದ ಮೇಲೆ ಏನೇ ಕಟ್ಟುವುದಿದ್ದರೂ, ಸಹಿಗೆ ಮೊದಲು, ತೊರೆಗಳ ಚಳಿಗಾಲದ ಹರಿವು ಎಷ್ಟು, ಕಳೆದ ಇಪ್ಪತ್ತು ವರ್ಷ ಎಷ್ಟು ಹಿಮ ಬಿದ್ದಿದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಕಂಪನಿ ಕೈಬಿಟ್ಟು ಹೋದರೆ ಕಂಬ ಕಿತ್ತು ಇಳಿಜಾರು ಸರಿಪಡಿಸುವ ಹಣ ಯಾರ ಖಾತೆಯಲ್ಲಿದೆ ಎಂಬ ನಾಲ್ಕು ಲೆಕ್ಕಗಳನ್ನು ಹಳ್ಳಿಗರಾಡುವ ಪಹಾಡಿಯಲ್ಲೇ ಗ್ರಾಮಸಭೆಯ ಮುಂದಿಡಬೇಕು. ಸಭೆ ಒಪ್ಪಿದರೆ ಕೆಲಸ ಶುರುವಾಗಲಿ. ಬೇಡವೆಂದರೆ ಕಡತ ಅಲ್ಲಿಗೇ ಮುಚ್ಚಬೇಕು.